ಕೆನೆ ಕಟ್ಟಿದ ಚಹಾ

ಮಡ್ಕಯಿಯ ಕಾರ್ಖಾನೆಗಳ ಹಿಂದಿನ ಚಾಳಿನಲ್ಲಿ ನಳದ ಮುಂದೆ ಜಗಳವಾದರೆ ಯಾರೂ ಪೊಲೀಸರನ್ನು ಕರೆಯುವುದಿಲ್ಲ, ಸುಂದರವ್ವನನ್ನು ಕರೆಯುತ್ತಾರೆ. ಅವಳ ಪದ್ಧತಿ ಬಾದಾಮಿ ಕಡೆಯ ಹಳ್ಳಿಯದು. ಜಗಳವಾಡಿದವರನ್ನು ಅವಳು ಎದುರುಬದುರು ಕೂರಿಸುವುದಿಲ್ಲ. ಒಬ್ಬಳು ಈ ಕೋಣೆಯಲ್ಲಿ, ಇನ್ನೊಬ್ಬಳು ಆ ಕೋಣೆಯಲ್ಲಿ, ನಡುವೆ ಓಡಾಡುವವಳು ಸುಂದರವ್ವ. ಬೈಗುಳವನ್ನು ಹೊಸ್ತಿಲಲ್ಲೇ ಬಿಟ್ಟು ಮಾತನ್ನಷ್ಟೇ ಒಳಗೆ ಒಯ್ಯುತ್ತಾಳೆ. ಕೊನೆಗೆ ಇಬ್ಬರನ್ನೂ ತನ್ನ ಮನೆಗೆ ಕರೆದು ಚಹಾ ಕೊಡುತ್ತಾಳೆ. ಕುಡಿದರೆ ಜಗಳ ಮುಗಿಯಿತು. ಕಪ್ಪು ಮುಟ್ಟದೆ ಎದ್ದರೆ ಮುರಿಯಿತು, ಇನ್ನು ಆ ಎರಡು ಮನೆಗಳ ನಡುವೆ ಉಪ್ಪು-ಬೆಂಕಿಯೂ ಇಲ್ಲ.

ಇಂಥ ಜಾಣೆಗೆ ತನ್ನ ಸ್ವಂತ ಬೀಗನ ಜೊತೆಯೇ ಜಗಳ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂದು ಚಾಳಿನವರು ಬೆನ್ನ ಹಿಂದೆ ನಗುತ್ತಿದ್ದರು. ನಗುವುದು ಸುಲಭ. ಗಂಡ ಕಟ್ಟಡದ ಕೆಲಸದಲ್ಲಿ ಬಿದ್ದು ತೀರಿಕೊಂಡ ಮೇಲೆ ಇಟ್ಟಿಗೆ ಹೊತ್ತು ಬೆಳೆಸಿದ ಒಬ್ಬನೇ ಮಗ ಯಮನೂರ. ಮಡ್ಕಯಿಯಲ್ಲಿ ಫಿಟ್ಟರ್ ಆಗಿದ್ದ. ಉಸಗಾಂವದಲ್ಲಿ ಅದಿರಿನ ಟ್ರಕ್ಕು ಓಡಿಸುವ ಗಣಪ್ಪನ ಮಗಳು ಗೀತಾಂಜಲಿಯನ್ನು ಮದುವೆಯಾದ. ಆ ಗಣಪ್ಪನೇ ಗುರುತಿನ ಏಜೆಂಟನನ್ನು ಹಿಡಿದು ಅಳಿಯನನ್ನು ಸರಕಿನ ಹಡಗಿನ ಇಂಜಿನ್ ಕೋಣೆಗೆ ಸೇರಿಸಿದ.

ಹಡಗು ಒಂದು ದೇಶದ್ದು. ಆ ದೇಶದ ಮೇಲೆ ಹಗೆ ಸಾಧಿಸುತ್ತಿದ್ದ ಇನ್ನೊಂದು ದೇಶ ಹಡಗನ್ನು ನಡುಸಮುದ್ರದಲ್ಲೇ ಹಿಡಿದು, ಅದರೊಳಗಿನ ಹುಡುಗರ ಸಮೇತ ತನ್ನ ಬಂದರಿನಲ್ಲಿ ಕಟ್ಟಿಹಾಕಿತು. ಗಂಡ-ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು. ಸುದ್ದಿ ಬಂದ ದಿನ ಸುಂದರವ್ವ ಉಸಗಾಂವಕ್ಕೆ ಹೋಗಿ, ಗಣಪ್ಪನ ಅಂಗಳದಲ್ಲಿ ನಿಂತು, ಹತ್ತು ಜನ ಕೇಳುವಂತೆ ಹೇಳಿ ಬಂದಿದ್ದಳು.

"ನನ್ನ ಮಗಾ ಬರೂಮಟಾ ನಿಮ್ಮ ಮನ್ಯಾಗ ಹನಿ ನೀರು ಮುಟ್ಟಂಗಿಲ್ಲ ನಾ!"

ಗಣಪ್ಪ ಪಾಪ, ತಲೆ ತಗ್ಗಿಸಿ ನಿಂತ.

ಸುಂದರವ್ವನ ಕೆಲಸ ಪಣಜಿಯ ಒಂದು ದೊಡ್ಡ ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆಯುವುದು. ಜಗಳವಾಡುವ ಆ ಎರಡು ದೇಶಗಳಿಗೆ ಮಾತಾಡಲು ಇಬ್ಬರದೂ ಅಲ್ಲದ ಊರು ಬೇಕಿತ್ತಂತೆ, ನಮ್ಮ ಸರಕಾರ ಪಣಜಿಯನ್ನು ತೋರಿಸಿತು. ಬಂದವರು ಇಳಿದದ್ದು ಇವಳ ಹೋಟೆಲಿಗೆ. ಅಡುಗೆಮನೆಯ ಹಿರಿಯಳು ಶೈಲಾ ಇವಳ ಕೈ ಹಿಡಿದು ಎಚ್ಚರಿಸಿದಳು, ಮಗನ ವಿಷಯ ಬಾಯಿ ಬಿಟ್ಟರೆ ಆ ಕ್ಷಣವೇ ಹೊರಗೆ ಹಾಕುತ್ತಾರೆ ಎಂದು. ಸುಂದರವ್ವ ಹಲ್ಲು ಕಚ್ಚಿಕೊಂಡು ಕಪ್ಪು ತೊಳೆದಳು.

ಮೊದಲ ದಿನವೇ ಅವಳಿಗೆ ಒಂದು ಧೈರ್ಯ ಬಂತು. ಇವರೂ ತನ್ನ ಪದ್ಧತಿಯವರೇ! ಒಂದು ದೇಶದವರು ಪೂರ್ವದ ಕೋಣೆಯಲ್ಲಿ, ಇನ್ನೊಂದು ದೇಶದವರು ಪಶ್ಚಿಮದ ಕೋಣೆಯಲ್ಲಿ. ನಡುವಿನ ಕಾರಿಡಾರಿನಲ್ಲಿ ನಮ್ಮ ಸರಕಾರದ ಒಬ್ಬ ಅಧಿಕಾರಿ ಹೆಣ್ಣುಮಗಳು ಸೀರೆಯ ನಿರಿಗೆ ಹಿಡಿದುಕೊಂಡು ಆ ಬಾಗಿಲಿಗೂ ಈ ಬಾಗಿಲಿಗೂ ನಡೆಯುತ್ತಿದ್ದಳು. ಅಡುಗೆಮನೆಯ ಕಿಂಡಿಯಿಂದ ಸುಂದರವ್ವ ನೋಡಿದಳು. ಆ ಓಡಾಟದ ಕಾಲುನೋವು ಅವಳಿಗೆ ಗೊತ್ತಿತ್ತು.

ಸಂಜೆ ಎರಡೂ ಕೋಣೆಗಳಿಂದ ಕಪ್ಪುಗಳು ಖಾಲಿಯಾಗಿ ಬಂದವು. ಒಂದರಲ್ಲೂ ಗುಟುಕು ಉಳಿದಿರಲಿಲ್ಲ. ಸುಂದರವ್ವ ಬಸ್ಸಿಳಿದವಳೇ ಸಕ್ಕರೆ ಕೊಂಡು ಚಾಳಿನ ಮನೆಮನೆಗೂ ಹಂಚಿದಳು. "ಮುಗೀತ್ರೆವ್ವಾ, ಚಾ ಕುಡದಾರ! ನನ್ನ ಯಮನೂರ ಬರ್ತಾನ!"

ಕೂಸು ಹುಟ್ಟುವ ಮುಂಚೆ ಕುಲಾವಿ. ಸ್ವಲ್ಪ ಹೊತ್ತಿಗೆ ಟಿ.ವಿ.ಯಲ್ಲಿ ಸುದ್ದಿ ಬಂತು, ಮಾತುಕತೆಯಲ್ಲಿ ಏನೂ ತೀರ್ಮಾನವಾಗಿಲ್ಲ. ತಮ್ಮ ತಮ್ಮ ಕೋಣೆಯಲ್ಲಿ ತಾವೇ ಕುಡಿದ ಚಹಾಕ್ಕೆ ಏನು ಬೆಲೆ? ಈ ಸಣ್ಣ ಮಾತು ಅವಳಿಗೆ ಹೊಳೆದಿರಲಿಲ್ಲ. ಅವಮಾನವೂ ಸಂಕಟವೂ ಕೂಡಿ ಸೊಸೆಯ ಮೇಲೆ ಸಿಡಿಯಿತು.

"ನಿಮ್ಮಪ್ಪ ಆ ಏಜೆಂಟನ ಮನಿ ಬಾಗಲಾ ತುಳೀಲಿಲ್ಲಂದ್ರ ನನ್ನ ಮಗಾ ಇಲ್ಲೇ ಇರ್ತಿದ್ದ!"

ಗೀತಾಂಜಲಿ ಸಿಟ್ಟಾಗಲಿಲ್ಲ. "ನನಗೂ ಗಂಡಾ ಅಲ್ರಿ ಅತ್ತಿ ಅವ್ರು?" ಎಂದಳು. ಮರುದಿನ ಚೀಲ ಹಿಡಿದು ಉಸಗಾಂವಕ್ಕೆ, ತವರಿಗೆ ಹೋದಳು. ಮನೆಯಲ್ಲಿ ಸುಂದರವ್ವ ಒಬ್ಬಳೇ ಉಳಿದಳು. ತಾನು ಆಡಿದ ಮಾತು ತಪ್ಪೆಂದು ಗೊತ್ತಿತ್ತು, ಆದರೆ ಹಿಂತೆಗೆದುಕೊಳ್ಳಲು ನಾಲಿಗೆ ಏಳಲಿಲ್ಲ.

ಮಾತುಕತೆಯ ಕೊನೆಯ ದಿನ ನಡುವಿನ ದೊಡ್ಡ ಸಭಾಕೋಣೆಯ ಬಾಗಿಲು ತೆರೆಯಿತು. ಎರಡೂ ಕಡೆಯವರು ಮೊದಲ ಬಾರಿಗೆ ಒಂದೇ ಮೇಜಿಗೆ ಕೂತರು. ಶೈಲಾ ಮಸಾಲೆ ಚಹಾ ಒಯ್ದಳು. ಸುಂದರವ್ವ ಕೈ ಒದ್ದೆಯಾಗಿಯೇ ಬಾಗಿಲ ಬಳಿ ಕಾದಳು. ಈ ಸಲ ಚಹಾ ಖರೇ ಚಹಾ.

ಬಹಳ ಹೊತ್ತಿನ ಮೇಲೆ ಟ್ರೇ ಮರಳಿ ಬಂತು. ಒಂದು ಕಪ್ಪನ್ನೂ ಯಾರೂ ಮುಟ್ಟಿರಲಿಲ್ಲ. ಚಹಾ ತಣ್ಣಗಾಗಿ ಎಲ್ಲದರ ಮೇಲೂ ಕೆನೆ ಕಟ್ಟಿತ್ತು.

ಸುಂದರವ್ವ ಅಲ್ಲೇ ಕುಸಿದು ಕೂತಳು. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅತ್ತಳು. ಕೆಲಸ ಹೋದರೆ ಹೋಗಲಿ ಎನ್ನುವಂತೆ ಅತ್ತಳು.

"ಸುಂದರಾ! ಕಿತೆಂ ಜಾಲೆಂ ಗೋ?" ಏನಾಯಿತೆಂದು ತನ್ನ ಕೊಂಕಣಿಯಲ್ಲಿ ಕೇಳುತ್ತ ಶೈಲಾ ಓಡಿಬಂದಳು.

"ಮುರೀತಲ್ಲೇ ಶೈಲಾ. ಚಾ ಮುಟ್ಟಿಲ್ಲ ಯಾರೂ. ನನ್ನ ಮಗಾ ಬರಂಗಿಲ್ಲ ಇನ್ನ."

ಶೈಲಾಗೆ ಮೊದಲು ತಿಳಿಯಲೇ ಇಲ್ಲ. ತಿಳಿದ ಮೇಲೆ ಅವಳ ಭುಜ ಹಿಡಿದು ಅಲುಗಾಡಿಸಿದಳು. ತನ್ನ ಹರಕುಮುರುಕು ಹಿಂದಿ-ಕನ್ನಡದಲ್ಲಿ ಅವಳು ಹೇಳಿದ್ದು ಇಷ್ಟು: ಒಳಗೆ ಯಾರೂ ಸಿಟ್ಟಾಗಿಲ್ಲ. ಮಾತು ನಿಲ್ಲಲೇ ಇಲ್ಲ. ಒಬ್ಬ ಮುಗಿಸುವಷ್ಟರಲ್ಲಿ ಇನ್ನೊಬ್ಬ ಶುರು, ಕಾಗದದ ಮೇಲೆ ಇಬ್ಬರ ತಲೆಯೂ ಒಟ್ಟಿಗೆ ಬಾಗಿತ್ತು. ತಾನು ಹೋಗಿ ಕಪ್ಪು ಎತ್ತಿದ್ದು ಕೂಡ ಅವರಿಗೆ ಗೊತ್ತಾಗಲಿಲ್ಲ.

ಆಗಲೇ ಕಾರಿಡಾರಿನಲ್ಲಿ ಚಪ್ಪಾಳೆ ಕೇಳಿಸಿತು. ಅಧಿಕಾರಿ ಹೆಣ್ಣುಮಗಳು ಹೊರಗೆ ಬಂದು ಪತ್ರಿಕೆಯವರಿಗೆ ಓದಿ ಹೇಳಿದಳು. ಸಮುದ್ರದ ಗಡಿಯ ತಕರಾರು ಹಾಗೇ ಇದೆ, ಅದಕ್ಕೆ ಇನ್ನೂ ಎಷ್ಟೋ ಸಲ ಕೂರಬೇಕು. ಆದರೆ ಹಡಗಿನ ಹುಡುಗರನ್ನು ಮೊದಲು ಬಿಡುತ್ತಾರೆ. ಅದಕ್ಕೆ ಯಾವ ಷರತ್ತೂ ಇಲ್ಲ.

ಸುಂದರವ್ವ ಆ ಮಾತನ್ನು ಶೈಲಾಳಿಂದ ಮೂರು ಬಾರಿ ಹೇಳಿಸಿಕೊಂಡಳು. ಈ ಸಲ ಸಕ್ಕರೆ ಕೊಳ್ಳಲಿಲ್ಲ. ಬಸ್ಸು ಬದಲಿಸುವ ಫೋಂಡಾ ನಿಲ್ದಾಣದಲ್ಲಿ ಮಡ್ಕಯಿಯ ಬಸ್ಸು ಬಾಗಿಲು ತೆರೆದೇ ನಿಂತಿತ್ತು. ಅವಳು ಸ್ವಲ್ಪ ಹೊತ್ತು ಅದನ್ನೇ ನೋಡಿದಳು. ಜಗಳ ಪೂರಾ ಮುಗಿಯುವ ಮೊದಲೇ ಆ ಹಗೆಯವರು ತನ್ನ ಮಗನನ್ನು ಬಿಟ್ಟರು. ತಾನು ಯಾವ ದೊಡ್ಡ ದೇಶ? ಉಸಗಾಂವದ ಬಸ್ಸು ಹತ್ತಿದಳು.

ಗಣಪ್ಪ ಅಂಗಳದಲ್ಲಿ ಟಯರು ತೊಳೆಯುತ್ತಿದ್ದ. ಬೀಗಿತಿಯನ್ನು ಕಂಡು ಗಾಬರಿಯಿಂದ ಎದ್ದು ನಿಂತ.

"ಒಳಗ ಬರ್ರಿ ಅನ್ನಂಗಿಲ್ಲೇನ್ರಿ ಬೀಗರ?" ಎಂದಳು ಸುಂದರವ್ವ. "ಚಾ ಮಾಡಾಕ ಹೇಳ್ರಿ."

"ಯಮನೂರ ಬರೂಮಟಾ ಮುಟ್ಟಂಗಿಲ್ಲ ಅಂದಿದ್ರಿ..."

"ಅಂದಿದ್ದೆ. ತಪ್ಪಾತು. ನೀವೂ ಅವನ ಚಲೋದಕ್ಕ ಮಾಡಿದ್ರಿ."

ಗೀತಾಂಜಲಿ ಚಹಾ ತಂದಿಟ್ಟಳು. ಅಷ್ಟರಲ್ಲಿ ಅವಳ ಫೋನು ರಿಂಗಾಯಿತು. ಅದರೊಳಗೆ ಯಮನೂರ, ಗಡ್ಡ ಬಿಟ್ಟ, ಬಡಕಲಾದ ಯಮನೂರ. ಮೂವರ ತಲೆಯೂ ಒಂದೇ ಫೋನಿನ ಮೇಲೆ ಬಾಗಿತು. ಒಬ್ಬರು ಮುಗಿಸುವಷ್ಟರಲ್ಲಿ ಇನ್ನೊಬ್ಬರು ಶುರು, ಗಣಪ್ಪನಂತೂ ಮಾತಾಡುತ್ತಲೇ ಅತ್ತುಬಿಟ್ಟ.

ಫೋನು ಇಟ್ಟಾಗ ಚಹಾ ಪೂರ್ತಿ ಆರಿ ಕೆನೆ ಕಟ್ಟಿತ್ತು. ಗೀತಾಂಜಲಿ ಕಪ್ಪಿಗೆ ಕೈ ಹಾಕಿದಳು. "ಬಿಸಿ ಮಾಡಿ ತರ್ತೇನ್ರಿ ಅತ್ತಿ."

"ಬ್ಯಾಡವಾ, ಇರ್ಲಿ," ಎಂದು ಸುಂದರವ್ವ ಸೊಸೆಯ ಕೈಯಿಂದ ಕಪ್ಪು ತೆಗೆದುಕೊಂಡು ಕೆನೆಯ ಸಮೇತ ಕುಡಿದಳು.