ಹನ್ನೊಂದರ ಮ್ಯಾಲೆ ಏರದ ಕೇಬಲ್

ಗಂಗಾವತಿಯೊಳಗ ಮದಿವಿ ವಿಡಿಯೋ ಮಾಡೋ ಒಂದು ಸ್ಟುಡಿಯೋದಾಗ ಎರಡು ವರ್ಷ ಎಡಿಟಿಂಗ್ ಮಾಡೀನಿ. ಅಲ್ಲಿ ಮಾಲಕನ ಸುದ್ದಿ ಬಂದ್ರ ಇವತ್ತಿಗೂ ಮೈಯೆಲ್ಲಾ ಉರೀತೈತಿ. ಎದುರಿಗೆ ಸರ್ ಅಂತಿದ್ದೆ. ಇಲ್ಲಿ ಯಾಕ ಅನ್ಲಿ?

ಕೆಳಗ ಕೌಂಟರು, ಮ್ಯಾಲೆ ನನ್ನ ಖೋಲಿ. ಮದಿವಿ ಮುಗಿಸಿ ಬಂದ ಫೋಟೋದವ್ರು ಕೆಳಗಿನ ಕಂಪ್ಯೂಟರಿಗೆ ಕಾರ್ಡ್ ಖಾಲಿ ಮಾಡತಿದ್ರು. ಗ್ವಾಡಿಗುಂಟ ಏರಿದ ಒಂದ ಕೇಬಲ್‌ನಾಗ ಆ ಫೈಲ್ ಎಲ್ಲಾ ನನ್ನ ಕಂಪ್ಯೂಟರಿಗೆ ಬರಬೇಕು. ಒಂದು ಮದಿವಿ ಅಂದ್ರ ನೂರು ಜಿಬಿ. ಅರಿಶಿಣ, ಅಕ್ಕಿಕಾಳು, ಊಟದ ಸಾಲು, ಅದರ ಮ್ಯಾಲೆ ವಿರೂಪಾಪುರಗಡ್ಡಿ ಗದ್ದ್ಯಾಗ ಗಂಡು ಹೆಣ್ಣು ಶೂಟಿಂಗಿಗಂತ ಓಡಾಡಿದ್ದು. ಅಷ್ಟೂ ಬರಾಕ ಎರಡೂವರಿ ತಾಸು. ಪರದೆ ಮ್ಯಾಲೆ ಸೆಕೆಂಡಿಗೆ ಹನ್ನೊಂದು ಎಂಬಿ ಅಂತ ತೋರಸ್ತಿತ್ತು, ಹನ್ನೆರಡು ಒಂದಿನಾನೂ ಆಗಲಿಲ್ಲ. ಅದು ಬರೋತನಕ ಕೆಲಸ ಸುರು ಮಾಡಂಗಿಲ್ಲ, ಕೈ ಕಟ್ಕೊಂಡು ಕುಂದರತಿದ್ದೆ.

ನನ್ನ ತಲಿ ಮ್ಯಾಲೆ ಮಾಲಕ ಒಂದು ಕ್ಯಾಮೆರಾ ಹಾಕ್ಸಿದ್ದ, ಕಳ್ಳರ ಕಾಟ ಅಂತ. ಅದರ ಮಾರಿ ಬಾಗಿಲ ಕಡೆ ಇರಲಿಲ್ಲ, ನನ್ನ ಕುರ್ಚಿ ಕಡೆ ಇತ್ತು. ಕೊಪ್ಪಳದಾಗ ಇರಲಿ, ಕುಷ್ಟಗಿಯೊಳಗ ಇರಲಿ, ಮೊಬೈಲ್‌ನಾಗ ನನ್ನ ನೋಡ್ಕೋತ ಇರತಿದ್ದ. ನಾ ಕೈ ಕಟ್ಟಿ ಕುಂತಿದ್ದ ಫೋಟೋ ನನಗ ಕಳಸಿ, ಇದೇನು ಅಂತ ಕೇಳತಿದ್ದ. ಯಾರಿಗರ ಕೇಬಲ್ ತೋರಸ್ರಿ ಅಂತ ಹತ್ತು ಸರ್ತಿ ಹೇಳಿದೆ. ನೆವ ಹೇಳಬ್ಯಾಡ ಅಂದ.

ಯಲಬುರ್ಗಾದ ಮದಿವಿ ವಿಡಿಯೋ ಒಂದು ತಡ ಆತು. ಹೆಣ್ಣಿನ ಅಪ್ಪ ಕೇಳ್ಕೋತ ಬಂದ್ರು. ಮಾಲಕ ಅವ್ರ ಮುಂದ ನನ್ನ ಕರದು ನಿಲ್ಲಿಸಿ, ಈಕಿ ಕೈ ಭಾಳ ನಿಧಾನ್ರಿ, ಸೋಮವಾರದಿಂದ ಬ್ಯಾರೆಯವ್ರನ್ನ ಕುಂದ್ರಸ್ತೀನಿ, ಈಕಿ ಕೆಳಗ ಪಾಸ್‌ಪೋರ್ಟ್ ಫೋಟೋ ತಗೀಲಿ ಅಂದ. ಆ ಹಿರ್ಯಾರು ಪಾಪ, ನೆಲ ನೋಡಿದ್ರು. ಹೊಲದಾಗ ದುಡಿಯೋರ ಮನಿ ಮಗಳು ನಾ, ದಿನಾ ಬಸ್ಸಿನ್ಯಾಗ ಅಡ್ಡಾಡಿ ಕಲ್ತ ಕೆಲಸ ಅದು. ಆ ಕುರ್ಚಿ ಬಿಟ್ಟು ಕೊಡಾಕ ನಾ ತಯಾರಿರಲಿಲ್ಲ.

ಮರುದಿನ ಅಂವ ಕೊಪ್ಪಳಕ್ಕ ಹೋದ ಕೂಡ್ಲೆ ಟೇಬಲ್ ಸರಿಸಿದೆ. ಇಂಥಾ ಕೇಬಲ್‌ನಾಗ ಎಂಟು ತಂತಿ ಇರತಾವ, ಎಂಟೂ ಕೂಡಿದ್ರ ಫೈಲ್ ಜೋರು ಓಡತೈತಿ, ನಾಕ ಕೂಡಿದ್ರ ಹನ್ನೊಂದರ ಆಸುಪಾಸು ನಿಲ್ಲತೈತಿ ಅಂತ ಮೊಬೈಲ್‌ನಾಗ ಓದಿದ್ದೆ. ಪ್ಲಗ್ ನೋಡಿದ್ರ ನಾಕ ಅದಾವ. ಉಳಿದ ನಾಕು ಟೇಪ್ ಸುತ್ತಿಸ್ಕೊಂಡು ನನ್ನ ತಲಿ ಮ್ಯಾಲಿನ ಕ್ಯಾಮೆರಾಕ್ಕ ಹೋಗ್ಯಾವ. ಇನ್ನೊಂದು ಕೇಬಲ್ ಎಳಸೋ ಬದ್ಲಿ ನನ್ನ ಅರ್ಧ ಹಾದಿ ಕಸಗೊಂಡು ಅದಕ್ಕ ಕೊಟ್ಟಿದ್ರು. ನನ್ನ ಖಾಲಿ ಕುಂದ್ರಿಸಿದ್ದೂ ಅದ ಕ್ಯಾಮೆರಾ, ಖಾಲಿ ಕುಂತಾಳಂತ ಚಾಡಿ ಹೇಳಿದ್ದೂ ಅದ.

ಕ್ಯಾಮೆರಾ ಹಾಕಿದವ್ರು ಬಿಟ್ಟುಹೋದ ಪ್ಲಗ್ಗು, ಇಕ್ಕಳ ಡ್ರಾದಾಗ ಇದ್ವು. ಕೆಳಗ ಮ್ಯಾಲೆ ಎರಡೂ ತುದಿ ಕೊಯ್ದು, ಕ್ಯಾಮೆರಾಕ್ಕ ಹೋಗಿದ್ದ ನಾಕನ್ನೂ ಬಿಡಿಸಿ ಎಂಟೂ ತಂತಿ ಕೂಡಿಸಿದೆ. ಮೊದ್ಲ ಸರ್ತಿ ತಂತಿ ಬಣ್ಣ ಹಿಂದಮುಂದಾಗಿ ಏನೂ ಬರಲಿಲ್ಲ. ಎರಡನೇ ಸರ್ತಿಗೆ ನೂರಾ ಹತ್ತು! ಎರಡೂವರಿ ತಾಸಿನ ಮದಿವಿ ಕಾಲು ತಾಸಿನ್ಯಾಗ ಬಂತು. ಖೋಲ್ಯಾಗ ಒಬ್ಬಾಕೀನ ನಕ್ಕೆ.

ನಗು ಮುಗಿಯೋದ್ರಾಗ ಅಂವನ ಫೋನು. ಕ್ಯಾಮೆರಾ ಯಾಕ ಕರ್ರಗ ಬಂದೈತಿ ಅಂದ. ತಂತಿ ಸುದ್ದಿ ಎಲ್ಲಾ ಬಿಡಿಸಿ ಹೇಳಿದೆ. ನೂರಾ ಹತ್ತು ಅಂತ ಎರಡು ಸರ್ತಿ ಹೇಳಿದೆ, ಖುಷಿ ಆದಾನು ಅಂತ.

"ಗೊತ್ತೈತಿ ನನಗ, ನಾನ ಹಂಗ ಹಾಕ್ಸೀನಿ," ಅಂದ. "ಫೈಲ್ ನಿಧಾನ ಬಂದ್ರೂ ನಡೀತೈತಿ. ಮೊದ್ಲು ಕ್ಯಾಮೆರಾ ಚಾಲೂ ಮಾಡು."

ನಿಧಾನ, ನಿಧಾನ ಅಂತ ನನ್ನ ಜೀವ ತಿಂದಾಂವ ಇಂವನ ಅಲ್ಲೇನು?

"ಹಂಗಾರ ನಿಧಾನ ಇದ್ದಾಕಿ ನಾ ಅಲ್ಲ ಅಂತ ಯಲಬುರ್ಗಾದವ್ರಿಗೆ ಒಂದು ಫೋನ್ ಮಾಡಿ ಹೇಳ್ರಿ ಸರ್. ಈಗಿಂದೀಗ ಚಾಲೂ ಮಾಡ್ತೀನಿ."

ಅಂವ ಮತ್ತ, ಮೊದ್ಲು ಕ್ಯಾಮೆರಾ ಅಂದ. ನಾ ಫೋನ್ ಕಟ್ ಮಾಡಿ ಬ್ಯಾಗ್ ತಗೊಂಡು ಇಳದು ಬಂದೆ. ಎಂಟೂ ತಂತಿ ಕೂಡಿದ್ದು ಕೂಡಿದಂಗ ಬಿಟ್ಟು ಬಂದೀನಿ. ಬೇಕಾದ್ರ ತಾನ ಬಂದು ಕೊಯ್ಕೊಳ್ಳಲಿ.