ಅತ್ತೆಯವರು ಸಮುದ್ರಕ್ಕೆ ಇಳಿದದ್ದು

ಹೈದರಾಬಾದಿನ ಐಟಿ ಕಂಪನಿಗಳು ಸಣ್ಣಪುಟ್ಟ ನೆಪಕ್ಕೂ ಬಹುಮಾನ ಹಂಚುತ್ತಿದ್ದ ಕಾಲ ಅದು. ನಾನು ಕೋಡ್ ಬರೆಯುವವಳಲ್ಲ, ಸಂಬಳದ ವಿಭಾಗದಲ್ಲಿದ್ದೆ. ಒಂದು ವಾರ್ಷಿಕೋತ್ಸವದಲ್ಲಿ ಚೀಟಿ ಎತ್ತಿದಾಗ ನನ್ನ ಹೆಸರು ಬಂತು: ಅಂಡಮಾನಿನ ಒಂದು ಪುಟ್ಟ ದ್ವೀಪಕ್ಕೆ ಮೂವರ ಪ್ರವಾಸ. ಹವಳ, ಬಣ್ಣದ ಮೀನು, ಕಡಲಾಮೆಗಳಿಗೆ ಹೆಸರಾದ ದ್ವೀಪವಂತೆ. ನನಗೋ ನೀರೆಂದರೆ ಭಯ. ಸ್ನಾನಕ್ಕೆ ಚೊಂಬಿನಿಂದ ತಲೆಗೆ ನೀರು ಸುರಿದುಕೊಳ್ಳುವಾಗಲೂ ಉಸಿರು ಬಿಗಿಹಿಡಿಯುವವಳು ನಾನು. ಪಕ್ಕದಲ್ಲಿ ಕೂತಿದ್ದ ಗೆಳತಿಗೆ ಟಿವಿ ಬಂದಿತ್ತು. ಬದಲಾಯಿಸಿಕೊಳ್ಳೋಣವೇ ಎಂದು ಕೇಳಿದೆ. ಅವಳು ಟಿವಿಯ ಡಬ್ಬವನ್ನು ತನ್ನತ್ತ ಇನ್ನಷ್ಟು ಎಳೆದುಕೊಂಡಳು.

ನಮ್ಮ ಮನೆಯವರು, ಅಂದರೆ ನನ್ನ ಗಂಡ, ಜೀಡಿಮೆಟ್ಲಾದ ಔಷಧಿ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರು. ಯಾವುದನ್ನೂ ಪರೀಕ್ಷೆ ಮಾಡದೆ ನಂಬುವವರಲ್ಲ. ಸುದ್ದಿ ಕೇಳಿದ ವಾರವೇ ನೀರೊಳಗೆ ನೋಡುವ ಕನ್ನಡಕ ಮತ್ತು ಉಸಿರಾಡುವ ಕೊಳವೆ ಕೊಂಡು ತಂದರು. ಭಾನುವಾರ ಬೆಳಿಗ್ಗೆ ಅದನ್ನು ತೊಟ್ಟು, ಕೊಳವೆ ಬಾಯಲ್ಲಿಟ್ಟುಕೊಂಡೇ ಪೇಪರ್ ಓದುತ್ತಿದ್ದರು. ಚಹಾ ಬೇಕೇ ಎಂದರೆ ಬಾವಿಯಾಳದಿಂದ ಬಂದಂತೆ ಒಂದು ಹೂಂಕಾರ ಬರುತ್ತಿತ್ತು.

ಆಮೇಲೆ ನಮ್ಮ ಮಿಯಾಪುರದ ಅಪಾರ್ಟ್‌ಮೆಂಟಿನ ಈಜುಕೊಳದಲ್ಲಿ ತಾಲೀಮು ಶುರುವಾಯಿತು. ಮೊದಲ ದಿನ ಅವರು ಮುಖ ಕೆಳಗೆ ಮಾಡಿ, ಕೈಕಾಲು ಚಾಚಿ, ಅಲುಗಾಡದೆ ತೇಲಿದರು. ಕೊಳವೆಯ ಜೊತೆ ಬಂದ ಪುಸ್ತಕದಲ್ಲಿ ಹಾಗೇ ಬರೆದಿತ್ತಂತೆ. ಗೇಟಿನ ಬಳಿ ಇದ್ದ ವಾಚ್‌ಮನ್, ಯಾದಗಿರಿ ಕಡೆಯವನು, ಆ ದೃಶ್ಯ ನೋಡಿದ. ಟೋಪಿ, ಬೂಟು, ಸೀಟಿ ಸಮೇತ ನೀರಿಗೆ ಹಾರಿ ಇವರ ಕೂದಲು ಹಿಡಿದು ದಡಕ್ಕೆ ಎಳೆಯತೊಡಗಿದ. ಬಿಡು ಬಿಡು ಎಂದು ಇವರು ಕೂಗಿದ್ದು ಕೊಳವೆಯಲ್ಲಿ ಹಾದು ಕೊನೆಯುಸಿರಿನಂತೆ ಕೇಳಿಸಿತು. ಅವನು ಇನ್ನೂ ಜೋರಾಗಿ ಎಳೆದ.

ಮೇಲೆ ಬಂದ ಮೇಲೆ ಇಬ್ಬರೂ ನೀರು ಸೋರಿಸುತ್ತ ನಿಂತಿದ್ದರು. "ತಪ್ಪ ತಿಳಕೋಬ್ಯಾಡ್ರಿ ಸಾಹೇಬ್ರ," ಎಂದ ವಾಚ್‌ಮನ್. "ಹೆಣಾ ತೇಲಿದಂಗ ತೇಲಾಕತ್ತಿದ್ರಿ. ಹಿಂಗ ಮಾಡೂದಿದ್ರ ಮೊದಲ ಒಂದ್ ಮಾತ ಹೇಳಬೇಕ್ರಿ." ಅಲ್ಲಿಂದ ಮುಂದೆ ಇವರು ಹೇಳಿಯೇ ಇಳಿಯುತ್ತಿದ್ದರು. ಅವನು ಒಂದು ಬಿದಿರಿನ ಗಳ ಹಿಡಿದು ದಡದಲ್ಲಿ ಕಾಯುತ್ತಿದ್ದ.

ಮೂರನೆಯವರು ನಮ್ಮ ಅತ್ತೆ. ಕಲಬುರಗಿ ಕಡೆಯವರು, ಮಾವ ತೀರಿಕೊಂಡ ಮೇಲೆ ನಮ್ಮ ಜೊತೆಗಿದ್ದರು. ಮೀನು ನೋಡಲು ಅಷ್ಟು ದೂರ ಯಾಕೆ ಹೋಗಬೇಕು, ಸಂತೆಯಲ್ಲಿ ಬುಟ್ಟಿಗಟ್ಟಲೆ ಬಿದ್ದಿರುತ್ತವಲ್ಲ ಎಂಬುದು ಅವರ ವಾದ. ಆದರೂ ಹೊರಟರು. ಆ ದ್ವೀಪದಲ್ಲಿ ನೀರಿಗೂ ಮೀನಿನ ವಾಸನೆ ಇರಬಹುದೆಂದು ಗರಿಗರಿಯಾದ ಕಟಕ ಜೋಳದ ರೊಟ್ಟಿ, ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ, ಮತ್ತೊಂದು ಡಬ್ಬಿ ತುಂಬ ಉಂಡೆ ಕಟ್ಟಿಕೊಂಡರು.

ವಿಮಾನ ಇಳಿದು ದೋಣಿ ಹತ್ತಿದ್ದೇ ತಡ ಮನೆಯವರ ಮುಖ ಹೀರೇಕಾಯಿಯ ಬಣ್ಣಕ್ಕೆ ತಿರುಗಿತು. ವಾಂತಿ ನಿಲ್ಲಿಸುವ ಮಾತ್ರೆಯನ್ನು ನುಂಗಿದರು, ಅದೂ ಹೊರಬಂತು. ದ್ವೀಪ ತಲುಪಿದಾಗ ಅತ್ತೆ ಕೈ ಹಿಡಿದು ಅವರನ್ನು ಇಳಿಸಿದರು.

ಮರುದಿನ ಬೆಳಿಗ್ಗೆ ಕಡಲು ಹಿಂದೆ ಸರಿದಿತ್ತು. ದಡದ ಬಂಡೆಗಳ ನಡುವೆ ಮೊಣಕಾಲುದ್ದದ ನೀರು ನಿಂತಿತ್ತು. ಗೈಡ್ ನಡುವಯಸ್ಸಿನ ಬಂಗಾಲಿ. ಅವನ ಹಿಂದಿ ಬಂಗಾಲಿಯ ಹಾಗಿತ್ತು, ಅತ್ತೆಯವರದು ದಖ್ಖನಿ ಉರ್ದುವಿನ ಹಾಗಿತ್ತು. ಅದು ಹೇಗೋ ಇಬ್ಬರಿಗೂ ಪರಸ್ಪರ ಅರ್ಥವಾಗುತ್ತಿತ್ತು. ಅವನು ಒಂದು ಕಪ್ಪಗಿನ ಉದ್ದನೆಯ ಪ್ರಾಣಿಯನ್ನು ತೋರಿಸಿ, ಇದು ಸಮುದ್ರದ ಖೀರಾ ಎಂದ. ಖೀರಾ ಎಂದರೆ ಸೌತೆಕಾಯಿ. ಇಡೀ ದ್ವೀಪದಲ್ಲಿ ಕೊನೆಗೂ ಒಂದು ಸಸ್ಯಾಹಾರ ಸಿಕ್ಕಿತೆಂದು ಅತ್ತೆ ಬಗ್ಗಿ ನೋಡಿದರು. ಉಪ್ಪು ಖಾರ ಹಚ್ಚಿಯೇ ತಿನ್ನುತ್ತಾರೋ, ಪಲ್ಯ ಮಾಡುತ್ತಾರೋ ಎಂದು ವಿಚಾರಿಸಿದರು. ಗೈಡ್ ಅದನ್ನು ಮೆಲ್ಲಗೆ ಎತ್ತಿದ. ಅದು ಚಿರ್ರೆಂದು ನೀರು ಚಿಮ್ಮಿಸಿತು.

"ಸೌತೀಕಾಯಿ ಉಗುಳಾಕತ್ತೈತಲ್ಲವಾ," ಎಂದು ಅತ್ತೆ ನನ್ನ ಕಡೆ ತಿರುಗಿದರು. ಆಮೇಲೆ ಪಲ್ಯದ ಮಾತು ಎತ್ತಲಿಲ್ಲ.

ನೀರು ಏರಿದ ಮೇಲೆ ಹವಳ ನೋಡುವ ಸರದಿ. ಮನೆಯವರು ಸ್ವಂತ ಸಾಮಾನು ತೊಟ್ಟು ಗಂಭೀರವಾಗಿ ಇಳಿದರು. ಮೊದಲ ಸಣ್ಣ ಅಲೆ ಕೊಳವೆಯೊಳಕ್ಕೆ ಹೋಯಿತು. ಕೆಮ್ಮುತ್ತ ದಡಕ್ಕೆ ಬಂದು, ಸಮುದ್ರ ಶಾಂತವಾಗಲಿ, ಆಮೇಲೆ ನೋಡೋಣ ಎಂದು ಕೂತರು. ಸಮುದ್ರ ತಟ್ಟೆಯಲ್ಲಿಟ್ಟ ನೀರಿನಂತಿತ್ತು. ಗೈಡ್ ನನ್ನ ಕಡೆ ನೋಡಿದ. ನಾನು ಕಡಲಿಗೆ ಬೆನ್ನು ತಿರುಗಿಸಿ ಟವೆಲ್ ಮಡಚತೊಡಗಿದೆ.

ಅತ್ತೆ ಎದ್ದು ನಿಂತರು. ಕೊರಳಿನ ಲಿಂಗವನ್ನು ಸೆರಗಿನಲ್ಲಿ ಭದ್ರವಾಗಿ ಗಂಟು ಹಾಕಿಕೊಂಡರು, ಸೀರೆಗೆ ಕಚ್ಚೆ ಬಿಗಿದರು.

"ಅವ್ವಾ, ನಿನಗ ಈಜ ಬರತೈತೇನು?" ಎಂದು ಮನೆಯವರು ಕೇಳಿದರು.

"ಭೀಮಾ ನದಿ ದಂಡೀಮ್ಯಾಲ ಹುಟ್ಟಿದಾಕಿ ನಾ. ಬೆನ್ನಿಗೆ ಕುಂಬಳಬುರುಡಿ ಕಟ್ಟಿ ಕಲಿಸಿದ್ರು."

"ಇಷ್ಟ ವರ್ಷ ಹೇಳಲೇ ಇಲ್ಲಲ್ಲ?"

"ಯಾರ ಕೇಳಿದ್ರಿ? ನಿಮ್ಮಪ್ಪನ ಊರಾಗ ಹೊಳಿನೂ ಇದ್ದಿಲ್ಲ, ಕೆರಿನೂ ಇದ್ದಿಲ್ಲ."

ತೇಲುವ ಜಾಕೆಟ್ ತೊಡಲೇಬೇಕೆಂದು ಗೈಡ್ ಹಟ ಹಿಡಿದ. ಕುಂಬಳಬುರುಡೆಯೇ ಇದಕ್ಕಿಂತ ಹಗುರ ಎಂದು ಗೊಣಗುತ್ತ ತೊಟ್ಟರು. ಮಗನ ಕನ್ನಡಕ ಕೊಳವೆ ಇಸಿದುಕೊಂಡು ನೀರಿಗಿಳಿದವರು ಆರಾಮವಾಗಿ ಕೈ ಬೀಸುತ್ತ ಹೋಗಿಬಿಟ್ಟರು. ಒಂದು ತೊಂದರೆಯೆಂದರೆ, ಏನು ಕಂಡರೂ ಯಾರಿಗಾದರೂ ಹೇಳದೆ ಅವರಿಗೆ ತಡೆಯುತ್ತಿರಲಿಲ್ಲ. ಕೊಳವೆಯೊಳಗೇ ಮಾತಾಡಿ, ಉಪ್ಪುನೀರು ಕುಡಿದು, ತಲೆ ಎತ್ತಿ ಉಗುಳಿ, ಮತ್ತೆ ಮುಳುಗುತ್ತಿದ್ದರು.

ಸ್ವಲ್ಪ ಹೊತ್ತಿಗೆ ದಡಕ್ಕೆ ಬಂದು ನನ್ನ ಮಣಿಕಟ್ಟು ಹಿಡಿದರು. "ಬಾರವಾ. ನಿನ್ನ ಹೆಸರಿಗೆ ಬಂದದ್ದಿದು. ನಾನೊಬ್ಬಾಕಿನ ನೋಡಿದ್ರ ಚಂದ ಅನಸೂದಿಲ್ಲ."

ಮದುವೆಯಾದಾಗಿನಿಂದ ಅವರ ಮಾತು ಮೀರಲು ನನಗೆ ಹತ್ತಾರು ಉಪಾಯ ಗೊತ್ತಿದ್ದವು. ಆ ಹೊತ್ತಿಗೆ ಒಂದೂ ನೆನಪಾಗಲಿಲ್ಲ. ಜಾಕೆಟ್ ತೊಟ್ಟು, ಗೈಡ್ ಕೊಟ್ಟ ಕನ್ನಡಕ ಏರಿಸಿ, ಕೊಳವೆ ಬಾಯಲ್ಲಿಟ್ಟು, ಅವರ ಕೈಯನ್ನು ಉಗುರು ಊರುವಷ್ಟು ಬಿಗಿಯಾಗಿ ಹಿಡಿದು ಮುಖವನ್ನು ನೀರಿಗಿಟ್ಟೆ.

ಕೆಳಗೆ ಇಳಕಲ್ ಸೀರೆಯ ಅಂಚು ಕತ್ತರಿಸಿ ಹರಿಯಬಿಟ್ಟಂತೆ ಪಟ್ಟೆಪಟ್ಟೆಯ ಮೀನುಗಳು. ಗಿಳಿಹಸಿರಿನ ದಪ್ಪ ಮೀನೊಂದು ಹವಳವನ್ನು ಕಡಿಯುತ್ತಿತ್ತು. ಹುರಿಗಡಲೆ ಅಗಿಯುವಂಥ ಅದರ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ನಾನು ಉಸಿರಾಡುತ್ತಿದ್ದೇನೆ ಎಂಬುದೂ ಆಗಲೇ ಗಮನಕ್ಕೆ ಬಂತು.

ಅಷ್ಟರಲ್ಲಿ ನಮ್ಮ ಕೆಳಗಿನಿಂದ ಒಂದು ದೊಡ್ಡ ಆಮೆ ನಿಧಾನವಾಗಿ ಬಂತು. ಅತ್ತೆ ನನ್ನ ಕೈ ಬಿಟ್ಟು ಎರಡೂ ಕೈ ಮುಗಿದರು. ನಡುನೀರಿನಲ್ಲಿ ನಾನೊಬ್ಬಳೇ. ಕಿರುಚೋಣವೆಂದರೆ ಬಾಯಲ್ಲಿ ಕೊಳವೆ. ಆಮೆ ನಮಸ್ಕಾರವನ್ನು ಸ್ವೀಕರಿಸಿದ ಯಾವ ಲಕ್ಷಣವನ್ನೂ ತೋರದೆ, ವಯಸ್ಸಾದ ಹೆಡ್‌ಮಾಸ್ತರರಂತೆ ನಮ್ಮಿಬ್ಬರನ್ನೂ ದಾಟಿ ಹೋಯಿತು. ಅದು ಮರೆಯಾದ ಮೇಲೆ ಅತ್ತೆ ನನ್ನ ಕೈಗಾಗಿ ತಡಕಾಡಿದರು. ನಾನು ಅಷ್ಟು ಹೊತ್ತು ಒಬ್ಬಳೇ ತೇಲಿದ್ದೆ, ಹೆದರುವುದನ್ನು ಮರೆತು.

ದಡಕ್ಕೆ ಬಂದಾಗ ಮನೆಯವರು ಏನೇನು ಕಂಡಿತು ಎಂದು ಕೇಳಿದರು. ಇಬ್ಬರೂ ಒಟ್ಟಿಗೇ ಹೇಳತೊಡಗಿದೆವು. ಅವರಿಗೆ ಏನೂ ತಿಳಿಯಲಿಲ್ಲ. ಮರುದಿನ ಅವರೂ ತಾಯಿಯ ಕೈ ಹಿಡಿದು ಇಳಿದರು, ಪಟ್ಟೆ ಮೀನುಗಳವರೆಗೆ ಹೋಗಿಬಂದರು.

ವಾಪಸಾಗುವಾಗ ಅತ್ತೆ ನಮ್ಮಿಬ್ಬರಿಂದ ಮಾತು ತೆಗೆದುಕೊಂಡರು: ಈ ವಯಸ್ಸಿನಲ್ಲಿ ಕಚ್ಚೆ ಹಾಕಿ ಪರಗಂಡಸಿನ ಮುಂದೆ ನೀರಿಗಿಳಿದದ್ದು ಯಾರ ಕಿವಿಗೂ ಬೀಳಬಾರದು. ನಾವು ಒಪ್ಪಿದೆವು. ಮಿಯಾಪುರದ ಲಿಫ್ಟಿನಲ್ಲಿ ಮೇಲಿನ ಮಹಡಿಯ ಹೆಂಗಸು ಸಿಕ್ಕರು. ನಮ್ಮ ಮಹಡಿ ಬರುವಷ್ಟರಲ್ಲಿ ಅತ್ತೆ ತಮಗೆ ಬರುವ ಅರ್ಧಂಬರ್ಧ ತೆಲುಗಿನಲ್ಲಿ ಆಮೆಯವರೆಗೆ ತಲುಪಿದ್ದರು. ಉಳಿದದ್ದನ್ನು ಹೇಳಲು ಅವರ ಜೊತೆಗೇ ಮೇಲಕ್ಕೆ ಹೋದರು. ಪೆಟ್ಟಿಗೆಗಳನ್ನು ನಾವಿಬ್ಬರೇ ಇಳಿಸಿಕೊಂಡೆವು.