‘ಇತರೆ’ಯವರ ಸೈಕಲ್ಲು

ನಸುಕು ಹರಿಯುವ ಹೊತ್ತು. ಮೂಡಲಗಿಯ ಊರಾಚೆಗಿನ ತಗಡಿನ ಶೆಡ್ಡಿನಲ್ಲಿ ವೆಲ್ಡಿಂಗ್ ಕೆಲಸದ ಸತ್ತೆಪ್ಪ ಮಂಡಿಯೂರಿ ಕುಳಿತಿದ್ದಾರೆ. ಎರಡು ಉಕ್ಕಿನ ಪೈಪುಗಳು ಕೂಡುವ ಜಾಗಕ್ಕೆ ಬೆಂಕಿ ಹಿಡಿದು, ಅದು ಕೆಂಪೇರುವುದನ್ನೇ ನೋಡುತ್ತಾರೆ. ಹದಕ್ಕೆ ಬಂದಾಗ ಹಿತ್ತಾಳೆಯ ಕಡ್ಡಿ ತಾಗಿಸುತ್ತಾರೆ. ಹಿತ್ತಾಳೆ ಕರಗಿ ಸಂದಿಗೆ ಇಳಿಯುತ್ತದೆ. ಹೊರಗೆ ಕೊಂಡಿ ಮುರಿದ ಕಬ್ಬಿನ ಟ್ರೇಲರ್ ನಿಂತಿದೆ. ಅದರ ಚಾಲಕ ಒಮ್ಮೆ ಇಣುಕಿ ನೋಡಿ, ಈ ಮನುಷ್ಯ ಸದ್ಯಕ್ಕೆ ಏಳುವವನಲ್ಲ ಎಂದು ತಿಳಿದು, ಮತ್ತೊಂದು ಚಹಾಕ್ಕೆ ಹೋಗುತ್ತಾನೆ.

“ಹೊತ್ತ ಏರಿತಂದ್ರ ಬೆಂಕಿ ಬಣ್ಣ ಗೊತ್ತಾಗಂಗಿಲ್ರಿ. ಬಣ್ಣ ತಪ್ಪಿದ್ರ ಪೈಪ ಸುಟ್ಟಂಗ,” ಎನ್ನುತ್ತಾರೆ ಸತ್ತೆಪ್ಪ. ಹಾಗಾಗಿ ಟ್ರೇಲರಿಗೆ ಹಗಲು, ಸೈಕಲ್ಲಿಗೆ ನಸುಕು. ಊರೂರ ರೇಸಿನ ಸೈಕಲ್ಲುಗಳು ಅಂಗಡಿಯಿಂದ ಬರುತ್ತಿರುವ ಈ ಕಾಲದಲ್ಲಿ ಇವರು ಅವನ್ನು ಈ ಶೆಡ್ಡಿನಲ್ಲೇ ಕಟ್ಟುತ್ತಾರೆ.

ಸತ್ತೆಪ್ಪ ಬೆಳೆದದ್ದು ಗೋಕಾಕ ಫಾಲ್ಸಿನಲ್ಲಿ. ಅಪ್ಪ ಅಲ್ಲಿನ ನೂಲಿನ ಮಿಲ್ಲಿಗೆ ಕೆಲಸಕ್ಕೆ ಹೋಗುತ್ತಿದ್ದರು. ಮಗ ಶಾಲೆ ಬಿಟ್ಟು ಟ್ರೇಲರ್ ಕಟ್ಟುವವರ ಕೈಕೆಳಗೆ ಸೇರಿದ. ಬೆಸುಗೆಯ ಬೆಳಕು ಕುಡಿದೂ ಕುಡಿದೂ ಈಗ ಎಡಗಣ್ಣು ಸಂಜೆಯಾದರೆ ನೀರಾಡುತ್ತದೆ. ಹೆಂಡತಿ ಸುಂದ್ರವ್ವ ತಣ್ಣೀರ ಬಟ್ಟೆ ಇಟ್ಟು, ಬೈಗುಳವನ್ನೂ ಜೊತೆಗೇ ಇಡುತ್ತಾರೆ. ಬೈದವರೇ ಮರುದಿನ ಉಸುಕು ಕಾಗದ ಹಿಡಿದು ಸೈಕಲ್ಲಿನ ಚೌಕಟ್ಟು ತಿಕ್ಕಿ, ಬಣ್ಣ ಬಳಿಯಲು ಕೂರುತ್ತಾರೆ.

ಈ ಹುಚ್ಚು ಹತ್ತಿಸಿದವರು ತುಕ್ಕಾನಟ್ಟಿಯ ರೈತ ಧನಪಾಲ. ಅವರ ಮಗಳು ಶ್ರದ್ಧಾ ಹೈಸ್ಕೂಲಿನಲ್ಲಿ ಸೈಕಲ್ ರೇಸು ಹಿಡಿದಳು. ಹುಡುಗಿ ಗಿಡ್ಡ, ಪೇಟೆಯಲ್ಲಿ ಸಿಗುವ ಯಾವ ರೇಸ್ ಸೈಕಲ್ಲಿಗೂ ಅವಳ ಕಾಲು ಎಟುಕಲಿಲ್ಲ. ಟ್ರೇಲರ್ ರಿಪೇರಿಗೆ ಬಂದ ಧನಪಾಲ, ಸೈಕಲ್ ಕತ್ತರಿಸಿ ಗಿಡ್ಡ ಮಾಡಲು ಬರುತ್ತದೇನು ಎಂದು ತಮಾಷೆಗೆ ಕೇಳಿದರು. ಸತ್ತೆಪ್ಪ ತಮಾಷೆ ಅಂದುಕೊಳ್ಳಲಿಲ್ಲ. ಕತ್ತರಿಸಿ ಬೆಸೆದದ್ದು ಮಸಗುಪ್ಪಿ ದಾರಿಯಲ್ಲಿ ಮುರಿದು ಹುಡುಗಿಯ ಮೊಣಕಾಲಿನ ಚರ್ಮ ಕಿತ್ತುಬಂತು. ಆಮೇಲೆ ಅವರು ಹಳೆಯದರ ಹಂಗು ಬಿಟ್ಟು, ಹೊಸ ಪೈಪು ತಂದು, ಅವಳ ಅಳತೆಗೇ ಒಂದನ್ನು ಕಟ್ಟಿದರು. ಅದು ಇವತ್ತಿಗೂ ಗಟ್ಟಿಯಾಗಿದೆ.

ತೊಂದರೆ ಬಂದದ್ದು ಬೇರೆ ಕಡೆಯಿಂದ. ಗೋಕಾಕದಿಂದ ಹುಕ್ಕೇರಿಯವರೆಗೆ ವರ್ಷಕ್ಕೊಮ್ಮೆ ರಸ್ತೆ ರೇಸು ನಡೆಯುತ್ತದೆ. ತೊಂಬತ್ತರ ದಶಕದಲ್ಲಿ ಅಲ್ಲಿ ಸೈಕಲ್ ಅಂದರೆ ಸೈಕಲ್. ಹಾಲಿನ ಕ್ಯಾನು ಬಿಚ್ಚಿಟ್ಟು ಬಂದವನೂ ಅದೇ ಗೆರೆಯ ಹಿಂದೆ ನಿಲ್ಲುತ್ತಿದ್ದ. ಆಮೇಲೆ ಸಾದಾ ಬೇರೆ, ಗಿಯರ್ ಬೇರೆ ಆಯಿತು. ಗಿಯರಿನಲ್ಲಿ ದೇಶಿ ಕಂಪನಿಯದು, ವಿದೇಶಿ ಕಂಪನಿಯದು ಎಂದು ಎರಡಾಯಿತು. ಈಗಂತೂ ಏರು ಹತ್ತಲು ಹಗುರದ್ದು, ಎದುರುಗಾಳಿ ಸೀಳಲು ಬಗ್ಗಿ ಕೂರುವಂಥದ್ದು, ದೂರದ ದಾರಿಗೆ ಬೆನ್ನು ನೋಯದಂಥದ್ದು ಎಂದು ಬಗೆಬಗೆಯವು ಬರುತ್ತಿವೆ. ಕರದಂಟಿನಲ್ಲಿ ಸಾದಾ, ಸ್ಪೆಷಲ್ ಎಂದು ಆರಿಸಿ ರೂಢಿಯಾದ ಗೋಕಾಕದವರಿಗೆ ಇದೇನೂ ವಿಚಿತ್ರ ಅನಿಸಿಲ್ಲ. ಸತ್ತೆಪ್ಪನವರಿಗೆ ಮಾತ್ರ ನಗು.

“ನಮ್ಮ ರಸ್ತಾ ಒಂದ ಐತ್ರಿ. ಅದರಾಗ ಏರೂ ಐತಿ, ಗಾಳೀನೂ ಐತಿ, ತೆಗ್ಗೂ ಐತಿ. ಮೂರ ಸೈಕಲ್ ಹೆಗಲಮ್ಯಾಲ ಹೊತ್ಕೊಂಡ ಹೋಗಾಕ ಬರ್ತೈತೇನ್ರಿ?”

ಕಳೆದ ವರ್ಷ ಶ್ರದ್ಧಾ ರೇಸಿಗೆ ಹೆಸರು ಕೊಡಲು ಹೋದಾಗ, ಕಂಪನಿ ಯಾವುದೆಂದು ಸಮಿತಿಯವರು ಕೇಳಿದರು. ಕಂಪನಿ ಇರಲಿಲ್ಲ. ಸಾದಾದಲ್ಲಿ ಸೇರಿಸಲು ಗಿಯರ್ ಅಡ್ಡ ಬಂತು. ಪೇಟೆಯಲ್ಲಿ ಯಾವುದೋ ಕಂಪನಿಯ ಹೆಸರಿನ ಚೀಟಿ ಸಿಗುತ್ತದೆ, ಅಂಟಿಸಿಕೊಂಡು ಬನ್ನಿ ಎಂದು ಅಲ್ಲಿದ್ದವರೇ ಒಬ್ಬರು ಮೆಲ್ಲಗೆ ಹೇಳಿಕೊಟ್ಟರು. ಧನಪಾಲರಿಗೂ ಅದು ಸರಿ ಕಂಡಿತು. ಒಪ್ಪದವರು ಸತ್ತೆಪ್ಪ ಒಬ್ಬರೇ.

“ಬ್ಯಾರೇದವರ ಹೆಸರ ಹಚ್ಚಿದ್ರ, ನಾಳೆ ಮುರದಾಗ ಯಾರ್ನ ಬೈತೀರಿ?” ಎಂದು ಕೇಳಿದರಂತೆ.

ಕಡೆಗೆ ಸಮಿತಿಯವರು ‘ಇತರೆ’ ಎಂದು ಹೊಸ ವಿಭಾಗ ಬರೆದುಕೊಂಡರು. ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ಲೇಸು ಅಂದುಕೊಂಡು ಶ್ರದ್ಧಾ ಹೊರಟಳು. ಒಂದೊಂದು ವಿಭಾಗವನ್ನೂ ಬೇರೆ ಬೇರೆ ಬಿಟ್ಟರು. ‘ಇತರೆ’ಯ ಸರದಿ ಬಂದಾಗ ಗೆರೆಯ ಹಿಂದೆ ಇದ್ದವಳು ಅವಳೊಬ್ಬಳೇ. ಹುಕ್ಕೇರಿ ಮುಟ್ಟಿದಳು, ಜನ ಚಪ್ಪಾಳೆ ತಟ್ಟಿದರು, ಪ್ರಮಾಣಪತ್ರ ಸಿಗಲಿಲ್ಲ. ವಿಭಾಗದಲ್ಲಿ ಒಬ್ಬರೇ ಇದ್ದರೆ ಸ್ಥಾನ ಕೊಡಲು ಬರುವುದಿಲ್ಲವೆಂಬುದು ನಿಯಮ. ಪ್ರಮಾಣಪತ್ರವಿಲ್ಲದೆ ಕ್ರೀಡಾ ಹಾಸ್ಟೆಲಿನ ಆಯ್ಕೆಗೆ ಕರೆ ಬರುವುದಿಲ್ಲ. ವಯಸ್ಸಿನ ಲೆಕ್ಕದಲ್ಲಿ ಅವಳಿಗೆ ಉಳಿದಿರುವುದು ಈ ವರ್ಷ ಮಾತ್ರ.

ಈ ನಸುಕಿನಲ್ಲಿ ಬೆಸುಗೆ ಕಾಣುತ್ತಿರುವ ಸೈಕಲ್ಲು ಶ್ರದ್ಧಾಳದ್ದಲ್ಲ. ಅವಳ ಎದುರಾಳಿಯದು. ಹುಕ್ಕೇರಿಯಲ್ಲಿ ಗೋಡೆ ಕಟ್ಟುವ ಗೌಂಡಿ ಗಜಾನನರ ಮಗಳು ಅನ್ನಪೂರ್ಣಾ ಹಿಂದಿನ ರೇಸಿನಲ್ಲಿ ಅಪ್ಪನ ಭಾರದ ಸೈಕಲ್ ತುಳಿದು ಸಾದಾ ವಿಭಾಗದಲ್ಲಿ ಕೊನೆಯವಳಾಗಿದ್ದಳು. ಅವಳು ಪೆಡಲ್ ತುಳಿಯುವ ಕಸುವು ಕಂಡಿದ್ದ ಸತ್ತೆಪ್ಪ ತಾವೇ ಅವರ ಮನೆ ಹುಡುಕಿಕೊಂಡು ಹೋಗಿ, ಹಗ್ಗದಿಂದ ಹುಡುಗಿಯ ಕಾಲಿನ ಅಳತೆ ತಂದರು. ‘ಇತರೆ’ಯಲ್ಲಿ ಇಬ್ಬರಾದರೆ ಸ್ಥಾನ ಕೊಡಲೇಬೇಕಲ್ಲ.

ಹೆಸರಿಗೊಂದು ಜೊತೆ ಬೇಕಿದ್ದರೆ ಹೇಗೋ ಒಂದು ಕಟ್ಟಿದರೆ ಸಾಲದೇ ಎಂದು ಕೇಳುತ್ತೇನೆ. ಅವರಿಗೆ ಸಿಟ್ಟು ಬರುತ್ತದೆ.

“ಕೈ ತಡೆದ ಮಾಡಿದ್ರ ಅದೂ ಚೀಟಿ ಹಚ್ಚಿದಂಗ ಆತಲ್ರಿ. ಖರೆ ಹೇಳ್ತೇನಿ, ಇದ ಶ್ರದ್ಧಾನ ಸೈಕಲ್ಲಿಗಿಂತ ಛಲೋ ಆಗೇತಿ. ಕೈ ಕಲ್ತೈತಿ.”

ಶ್ರದ್ಧಾಳಿಗೆ ಅದನ್ನು ಯಾರೂ ಹೇಳಿಲ್ಲ, ಹೇಳಬೇಕಾಗಿಯೂ ಇಲ್ಲ. ನಾನು ಅಲ್ಲಿರುವಾಗಲೇ ತುಕ್ಕಾನಟ್ಟಿಯಿಂದ ಅಭ್ಯಾಸಕ್ಕೆಂದು ತುಳಿದುಕೊಂಡು ಬಂದ ಅವಳು, ಗೋಡೆಗೆ ಒರಗಿಸಿದ ಹೊಸ ಚೌಕಟ್ಟನ್ನು ಒಂದೇ ಕೈಯಲ್ಲಿ ಎತ್ತುತ್ತಾಳೆ. ತೂಕ ನೋಡಿ ಮೆಲ್ಲಗೆ ಇಳಿಸುತ್ತಾಳೆ. ಮುಖ ಒಂದು ಗಳಿಗೆ ಬಾಡುತ್ತದೆ.

“ಕಾಕಾ, ನನ್ನ ಸೈಕಲ್ ಚೈನ್ ಸ್ವಲ್ಪ ಬಿಗಿ ಮಾಡಿ ಕೊಡ್ರಿ,” ಎನ್ನುತ್ತಾಳೆ. ಬಿಗಿ ಮಾಡಿಸಿಕೊಂಡು, ಬಂದ ದಾರಿಯನ್ನು ಬಿಟ್ಟು, ಏರು ಇರುವ ಗೋಕಾಕದ ಕಡೆಗೆ ಹೊರಡುತ್ತಾಳೆ.

ಸತ್ತೆಪ್ಪ ಕಣ್ಣೊರೆಸಿಕೊಂಡು ಟ್ರೇಲರಿನ ಕೊಂಡಿಗೆ ಕೈ ಹಾಕುತ್ತಾರೆ. ಈ ಸಲ ಏನಾಗಬೇಕೆಂದು ಆಸೆ ಎಂದು ಕೇಳಿದಾಗ ಶ್ರದ್ಧಾ ಹೋದ ದಾರಿಯತ್ತ ನೋಡುತ್ತಾರೆ.

“ಹೋದ ಸಲ ಪಾಪ, ಹುಕ್ಕೇರಿ ಮುಟ್ಟೋತನಕ ತಿರುಗಿ ತಿರುಗಿ ನೋಡಿಕೋತ ಹೋದ್ಳಂತ್ರಿ. ಹಿಂದ ಯಾರೂ ಇರಲಿಲ್ಲ. ಈ ಸಲ ಆಕಿಗಿ ಒಂದ ಗಾಲಿ ಸಪ್ಪಳ ಕೇಳಬೇಕು. ಅದು ಹಿಂದರ ಇರ್ಲಿ, ಮುಂದರ ಇರ್ಲಿ.”